ಮುಹೂರ್ತಕ್ಕೂ ಮೊದಲು ಸಿಬಿಲ್ ನೋಡಿ

ಇವತ್ತು ರಾಜಕೀಯ ಬೇಡ. ಯಾರು ಯಾರನ್ನು ಭೇಟಿಯಾದರು, ಯಾರ ಕುರ್ಚಿ ಅಲ್ಲಾಡ್ತಿದೆ ಅನ್ನೋದನ್ನು ನಾಳೆಯೂ ಮಾತಾಡಬಹುದು. ಕುರ್ಚಿಗಳು ಎಲ್ಲಿಗೂ ಓಡಿಹೋಗೋದಿಲ್ಲ. ಇವತ್ತು ಒಂದು ಮನೆಯ ವಿಷಯ ಮಾತಾಡೋಣ. ಕಟ್ಟೋಕೆ ಶುರುವಾಗಿ ಪಂಚಾಂಗದಲ್ಲೇ ನಿಂತುಹೋದ ಮನೆ. ಪಂಚಾಂಗ ಅಂದರೆ ಗೋಡೆಗೆ ನೇತು ಹಾಕೋದಲ್ಲ. ಕರಾವಳಿ ಕಡೆ ಮನೆಯ ಅಡಿಪಾಯಕ್ಕೂ ಪಂಚಾಂಗ ಅಂತಾನೇ ಹೇಳ್ತಾರೆ.

ಉಡುಪಿಯಿಂದ ಮಂಗಳೂರಿನ ಕಡೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ಕಟಪಾಡಿಗೆ ಮೊದಲು ಉದ್ಯಾವರ ಸಿಗುತ್ತೆ. ಒಂದು ಕಾಲಕ್ಕೆ ಆಳುಪ ಅರಸರ ರಾಜಧಾನಿಯಾಗಿದ್ದ ಊರು. ಈಗ ಒಂದು ಕಡೆ ಹೆದ್ದಾರಿಯ ಗದ್ದಲ, ಇನ್ನೊಂದು ಕಡೆ ಹೊಳೆ, ಅದರಾಚೆ ಸಮುದ್ರ. ಅಲ್ಲಿಂದ ಒಬ್ಬ ವೀಕ್ಷಕರು ನಮಗೆ ಪತ್ರ ಬರೆದಿದ್ದಾರೆ. ಹೆಸರು ಹೇಳೋದಿಲ್ಲ. ಮಲ್ಪೆಯಲ್ಲಿ ಬೋಟಿನ ಎಂಜಿನ್ ರಿಪೇರಿ ಕೆಲಸ. ಹೆಂಡತಿ ಗೇರುಬೀಜದ ಫ್ಯಾಕ್ಟರಿಗೆ ಹೋಗ್ತಾರೆ. ಪಾಲಿನಲ್ಲಿ ಬಂದ 8 ಸೆಂಟ್ಸ್ ಜಾಗ ಇದೆ. ಕನ್ವರ್ಷನ್ ಆಗಿದೆ, ಪಂಚಾಯತಿನಲ್ಲಿ 9/11 ಆಗಿದೆ, ನಕ್ಷೆ ಆಗಿದೆ. ಈ ಮೂರಕ್ಕೆ ಎಷ್ಟು ಸಲ ಓಡಾಡಬೇಕು ಅಂತ ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ಜೋಯಿಸರ ಹತ್ತಿರ ದಿನ ಕೇಳಿ ಕೆಸರುಕಲ್ಲು ಹಾಕಿಸಿದರು. ಹೆಂಡತಿಯ ಚಿನ್ನ ಅಡವಿಟ್ಟು ಪಂಚಾಂಗ ಕಟ್ಟಿಸಿದರು. ಕೆಂಪುಕಲ್ಲು ಎರಡು ಲೋಡು ಇಳಿಸಿದರು. ಆಮೇಲೆ, ಗಮನಿಸಿ, ಆಮೇಲೆ ಬ್ಯಾಂಕಿಗೆ ಹೋದರು. 20 ಲಕ್ಷ ರೂಪಾಯಿ ಗೃಹಸಾಲ ಬೇಕು ಅಂದರು. ಮ್ಯಾನೇಜರ್ ಕಂಪ್ಯೂಟರ್ ನೋಡಿ ಹೇಳಿದ್ದು ಒಂದೇ ಮಾತು: 'ಸಿಸ್ಟಮ್ ತಗೊಳ್ತಾ ಇಲ್ಲ. ನಿಮ್ಮ ಸಿಬಿಲ್ ಸ್ಕೋರ್ 612 ಇದೆ.'

ಪತ್ರದ ಕೊನೆಯಲ್ಲಿ ಅವರು ಬರೆದಿದ್ದಾರೆ: 'ಸಾರ್, ನಾನು ಯಾರಿಗೂ ಮೋಸ ಮಾಡಿದವನಲ್ಲ. ಈ ಬ್ಯಾಂಕಿನವರಿಗೆ ನಿಮ್ಮ ಚಾನೆಲ್‌ನಲ್ಲಿ ಸ್ವಲ್ಪ ಬಿಸಿ ಮುಟ್ಟಿಸಿ.'

ಮುಟ್ಟಿಸೋಣ. ಬ್ಯಾಂಕಿನವರನ್ನು ಕೇಳಬೇಕಾದ ಪ್ರಶ್ನೆ ನನ್ನ ಹತ್ತಿರಾನೂ ಇದೆ. ಆದರೆ ಮೊದಲು ಒಂದು ಮಾತು. ಆ ಮ್ಯಾನೇಜರ್ ಎದುರಿಗೆ ಇದ್ದ ಕಾಗದವನ್ನು ಈ ಮನುಷ್ಯ ಒಂದು ಸಲವೂ ನೋಡಿರಲಿಲ್ಲ. ಕಾಗದ ಅವರದ್ದೇ, ಅದರ ತುಂಬ ಅವರದ್ದೇ ಲೆಕ್ಕ, ಆದರೆ ಓದಿದ್ದು ಬ್ಯಾಂಕು ಮಾತ್ರ. ಇವತ್ತಿನ ನನ್ನ ಮಾತೆಲ್ಲ ಆ ಕಾಗದದ ಬಗ್ಗೆ.

ಇದು ಉಡುಪಿ ಜಿಲ್ಲೆಯಲ್ಲಿ ನಡೀತಿದೆ ಅನ್ನೋದೇ ನನಗೆ ಹೆಚ್ಚು ಕಾಡುವ ಸಂಗತಿ. ದೇಶಕ್ಕೆ ಬ್ಯಾಂಕಿಂಗ್ ಕಲಿಸಿದ ಊರಲ್ವಾ ಅದು? 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಶುರು ಮಾಡಿದ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯ್ತು. ಶುರುವಾದ ದಿನ ಸಂಜೆ ಅದರ ಹತ್ತಿರ ಜಮೆಯಾಗಿದ್ದು 38 ರೂಪಾಯಿ 13 ಆಣೆ 2 ಪೈ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಕಟ್ಟಿದ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಆಯ್ತು. ಬಂಡವಾಳ 8 ಸಾವಿರ ರೂಪಾಯಿ. ನೇಕಾರಿಕೆ ನೆಲಕಚ್ಚಿದ್ದ ಕಾಲ, ನೇಕಾರರಿಗೆ ಆಸರೆಯಾಗಲಿ ಅಂತ ಹುಟ್ಟಿದ ಬ್ಯಾಂಕು. 1928ರಲ್ಲಿ ಅವರೇ ಪಿಗ್ಮಿ ತಂದರು. ದಿನಕ್ಕೆ ಎರಡು ಆಣೆ. ಏಜೆಂಟ್ ಮನೆ ಬಾಗಿಲಿಗೇ ಬರ್ತಿದ್ದ.

ಆ ಪಿಗ್ಮಿ ಏಜೆಂಟ್ ಏನು ಮಾಡ್ತಿದ್ದ ಹೇಳಿ? ದುಡ್ಡು ಮಾತ್ರ ತಗೊಂಡು ಹೋಗ್ತಿರಲಿಲ್ಲ, ನಿಮ್ಮ ಸುದ್ದೀನೂ ತಗೊಂಡು ಹೋಗ್ತಿದ್ದ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳ ಮದುವೆ, ಯಾರ ಹೋಟೆಲು ಚೆನ್ನಾಗಿ ನಡೀತಿದೆ, ಯಾರು ಎರಡು ದಿನ ಪಿಗ್ಮಿ ತಪ್ಪಿಸಿದರೂ ಮೂರನೇ ದಿನ ಸೇರಿಸಿ ಕೊಡುವವರು, ಎಲ್ಲ ಅವನಿಗೆ ಗೊತ್ತಿತ್ತು. ಸಾಲ ಕೇಳೋಕೆ ಹೋದರೆ ಮ್ಯಾನೇಜರ್ ಅವನನ್ನು ಒಂದು ಮಾತು ಕೇಳ್ತಿದ್ದರು. 'ಜನ ಹೇಗೆ?' ಅಂತ. ಅವನು 'ಜನ ಒಳ್ಳೆಯದು' ಅಂದರೆ ಅದೇ ಅವತ್ತಿನ ಸಿಬಿಲ್ ಸ್ಕೋರ್.

ಈಗ ಆ ಬ್ಯಾಂಕುಗಳ ಬೋರ್ಡೇ ಇಲ್ಲ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಹೋಗಿ ಕೆನರಾ ಬ್ಯಾಂಕಿಗೆ ಸೇರಿತು, ಕಾರ್ಪೊರೇಷನ್ ಹೋಗಿ ಯೂನಿಯನ್ ಬ್ಯಾಂಕಿಗೆ ಸೇರಿತು. ಅದಕ್ಕೂ ಒಂದು ವರ್ಷ ಮೊದಲೇ ವಿಜಯಾ ಬ್ಯಾಂಕ್ ಬರೋಡಾಕ್ಕೆ ಸೇರಿತ್ತು. ಮ್ಯಾನೇಜರ್ ಬೇರೆ ರಾಜ್ಯದಿಂದ ಬಂದಿರ್ತಾರೆ, ಮೂರು ವರ್ಷಕ್ಕೆ ಹೊರಟುಹೋಗ್ತಾರೆ. 'ಜನ ಹೇಗೆ' ಅಂತ ಕೇಳೋಕೆ ಅವರಿಗೆ ಯಾರಿದ್ದಾರೆ? ಕಂಪ್ಯೂಟರ್ ಇದೆ. ಅದಕ್ಕೆ ನಿಮ್ಮ ಮನೆತನ ಗೊತ್ತಿಲ್ಲ, ನಿಮ್ಮ ಕಂತು ಗೊತ್ತು. ಇದು ಸರೀನಾ ತಪ್ಪಾ ಅಂತ ಒಂದು ಗಂಟೆ ಚರ್ಚೆ ಮಾಡಬಹುದು. ಮಾಡಿದರೂ ಉದ್ಯಾವರದ ಆ ಮನೆಯ ಗೋಡೆ ಒಂದಿಂಚು ಏಳೋದಿಲ್ಲ. ಆದ್ದರಿಂದ ಕಂಪ್ಯೂಟರ್ ಏನನ್ನು ಓದುತ್ತೆ ಅನ್ನೋದನ್ನು ತಿಳ್ಕೊಳ್ಳೋಣ.

ಸಿಬಿಲ್ ಅನ್ನೋದು ಸರ್ಕಾರದ ಇಲಾಖೆ ಅಲ್ಲ, ಅದೊಂದು ಕಂಪನಿ. 2000ನೇ ಇಸವಿಯಲ್ಲಿ ಹುಟ್ಟಿದ್ದು. ಈಗ ಅದರ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಅದರ ಜತೆ ಇನ್ನೂ ಮೂರಿವೆ: ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. 2005ರ ಕಾಯ್ದೆಯ ಅಡಿಯಲ್ಲಿ, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಪಡೆದು ನಡೆಯುವ ಕಂಪನಿಗಳು ಇವು. ನೀವು ಎಲ್ಲಿ ಸಾಲ ತಗೊಂಡರೂ ಬ್ಯಾಂಕಿನವರು, ಫೈನಾನ್ಸಿನವರು ಆ ಲೆಕ್ಕವನ್ನು ಈ ನಾಲ್ವರಿಗೂ ಕಳಿಸಬೇಕು. ಮೊದಲು ತಿಂಗಳಿಗೊಮ್ಮೆ ಕಳಿಸ್ತಿದ್ದರು. 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು.

ಆ ಲೆಕ್ಕ ನೋಡಿ 300ರಿಂದ 900ರ ಒಳಗೆ ಒಂದು ಅಂಕ ಕೊಡ್ತಾರೆ. 750 ದಾಟಿದ್ದರೆ ಬ್ಯಾಂಕಿನವರು ಕುರ್ಚಿ ಹಾಕ್ತಾರೆ. 650ಕ್ಕಿಂತ ಕೆಳಗಿದ್ದರೆ ನಿಂತೇ ಮಾತಾಡ್ತಾರೆ. ಇಷ್ಟಿದ್ದರೆ ಮಾತ್ರ ಸಾಲ ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ, ಅದು ಆಯಾ ಬ್ಯಾಂಕಿನ ಲೆಕ್ಕಾಚಾರ.

ಅಂಕ ಬರೋದು ಹೇಗೆ? ಕಂತು ಹೇಳಿದ ದಿನ ಕಟ್ಟಿದ್ದೀರಾ ಅನ್ನೋದೇ ಅದರಲ್ಲಿ ದೊಡ್ಡ ಪಾಲು. ಆಮೇಲೆ, ಕ್ರೆಡಿಟ್ ಕಾರ್ಡಿನ ಮಿತಿಯಲ್ಲಿ ಎಷ್ಟು ಬಳಸ್ತೀರಿ, ಸಾಲದ ವ್ಯವಹಾರ ಎಷ್ಟು ಹಳೆಯದು, ಎಂಥೆಂಥ ಸಾಲ ಇದೆ, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ದೀರಿ. ಇಷ್ಟೇ. ನಿಮ್ಮ ಸಂಬಳ, ನಿಮ್ಮ ಜಾಗ, ನಿಮ್ಮ ಉಳಿತಾಯ ಖಾತೆಯಲ್ಲಿರೋ ದುಡ್ಡು ಅಂಕದ ಲೆಕ್ಕಕ್ಕೇ ಬರೋದಿಲ್ಲ. ಬ್ಯಾಂಕು ಅದನ್ನು ಬೇರೆಯಾಗಿ ನೋಡುತ್ತೆ. ಅದಕ್ಕೇ ಕೋಟಿ ಬೆಲೆಯ ಜಾಗ ಇದ್ದವರಿಗೂ 600 ಬರುತ್ತೆ, ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗಿಗೆ 790 ಬರುತ್ತೆ.

ಈ ಕಾಗದ ಪಡೆಯೋದು ಕಷ್ಟವಾ? ಇಲ್ಲ. ವರ್ಷಕ್ಕೆ ಒಂದು ಸಲ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಆದೇಶ ಮಾಡಿದ್ದು 2016ರಲ್ಲಿ, ಜಾರಿಗೆ ಬಂದಿದ್ದು 2017ರ ಜನವರಿಯಿಂದ. ನಾಲ್ಕು ಕಂಪನಿ ಇವೆ, ನಾಲ್ವರ ಹತ್ತಿರಾನೂ ಕೇಳಬಹುದು. ಪ್ಯಾನ್ ನಂಬರ್, ಮೊಬೈಲ್ ಇದ್ದರೆ ಅವರ ವೆಬ್‌ಸೈಟಿನಲ್ಲಿ ಹತ್ತು ನಿಮಿಷದ ಕೆಲಸ. 'ನೋಡಿದರೆ ಸ್ಕೋರ್ ಕಡಿಮೆ ಆಗುತ್ತಂತೆ' ಅಂತ ಹೆದರುವವರಿದ್ದಾರೆ. ನಿಮ್ಮದನ್ನು ನೀವು ನೋಡಿದರೆ ಒಂದು ಅಂಕವೂ ಕಡಿಮೆ ಆಗೋದಿಲ್ಲ.

ಉದ್ಯಾವರದ ವೀಕ್ಷಕರಿಗೂ ನಾವು ಇದನ್ನೇ ಹೇಳಿದೆವು. ವರದಿ ತರಿಸಿದರು, ನಮಗೂ ಕಳಿಸಿದರು. ಅದರಲ್ಲಿ ಮೂರು ಕಲೆಗಳಿದ್ದವು. ಮೂರನ್ನೂ ಹೇಳ್ತೀನಿ. ನಿಮ್ಮ ಮನೆಯಲ್ಲೂ ಈ ಮೂರರಲ್ಲಿ ಒಂದಾದರೂ ಇರಬಹುದು.

ಮೊದಲನೆಯದು ಒಂದು ಮೊಬೈಲ್ ಫೋನು. 2019ರಲ್ಲಿ ಕಂತಿನ ಮೇಲೆ ತಗೊಂಡಿದ್ದು. ಕೊರೊನಾ ಬಂತು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡೋಕೆ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು, ನೆನಪಿದೆಯಾ? ಬಹಳ ಜನ ಅದನ್ನು ಮನ್ನಾ ಅಂದುಕೊಂಡರು. ಅದು ಮನ್ನಾ ಆಗಿರಲಿಲ್ಲ, ಮುಂದಕ್ಕೆ ಹಾಕಿದ್ದು ಅಷ್ಟೇ. ಇವರದ್ದು ಕೊನೆಯ ಎರಡು ಕಂತು ಉಳಿದುಹೋಯ್ತು. 3,200 ರೂಪಾಯಿ. ಅಷ್ಟರಲ್ಲಿ ಮೊಬೈಲ್ ನಂಬರೂ ಬದಲಾಯ್ತು, ಮೆಸೇಜು ಬಂದಿದ್ದು ಹಳೆಯ ನಂಬರಿಗೆ. ಕಂಪನಿ ಒಂದಷ್ಟು ದಿನ ಕಾದು 'ರಿಟನ್ ಆಫ್' ಅಂತ ಬರೆದು ಕೈತೊಳೆದುಕೊಂಡಿತು. ಆ ಫೋನು ಕೆಟ್ಟು, ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದೆ. ಅದರ ಕಂತು ಮಾತ್ರ ಇವತ್ತು 20 ಲಕ್ಷದ ಮನೆಗೆ ಅಡ್ಡ ನಿಂತಿದೆ.

ಎರಡನೆಯದು ಕ್ರೆಡಿಟ್ ಕಾರ್ಡು. 40 ಸಾವಿರ ಬಾಕಿ ಇತ್ತು. ಬಡ್ಡಿ ಬೆಳೀತಾ ಹೋಯ್ತು. ಒಂದು ದಿನ ಫೋನ್ ಬಂತು: 'ಸಾರ್, 25 ಸಾವಿರ ಕಟ್ಟಿಬಿಡಿ, ಸೆಟ್ಲ್ ಮಾಡಿಬಿಡ್ತೀವಿ.' ಖುಷಿಯಾಯ್ತು, ಕಟ್ಟಿದರು. ಮುಗೀತು ಅಂದುಕೊಂಡರು. ಇಲ್ಲಿ ಗಮನ ಕೊಡಿ. ವರದಿಯಲ್ಲಿ 'ಕ್ಲೋಸ್ಡ್' ಅಂತ ಇದ್ದರೆ ಪೂರ್ತಿ ತೀರಿಸಿದ್ದೀರಿ ಅಂತ ಅರ್ಥ. 'ಸೆಟ್ಲ್‌ಡ್' ಅಂತ ಇದ್ದರೆ ಪೂರ್ತಿ ಕೊಡಲಿಲ್ಲ, ಬ್ಯಾಂಕು ನಷ್ಟ ಮಾಡಿಕೊಂಡು ಬಿಟ್ಟುಕೊಟ್ಟಿತು ಅಂತ ಅರ್ಥ. ನಿಮ್ಮ ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತೆ. ಗೃಹಸಾಲ ಕೊಡುವವನ ಕಣ್ಣಿಗೆ ಅದು ಬೇರೆ ಬೇರೆ ಕಾಣುತ್ತೆ.

ಮೂರನೆಯದು ಬಾವ. ಹೌದು, ತಂಗಿಯ ಗಂಡ. ರಿಕ್ಷಾ ತಗೊಳ್ಳೋಕೆ ಸಾಲ ಮಾಡಿದ್ದ, ಇವರು ಜಾಮೀನು ಹಾಕಿದ್ದರು. ಬಾವ ಬಂದು ಜಾಮೀನು ಹಾಕು ಅಂದರೆ ಇಲ್ಲ ಅನ್ನೋಕಾಗುತ್ತಾ? ತಂಗಿಯ ಮುಖ ನೋಡಬೇಕಲ್ಲ. ಒಂದು ಸಹಿ ತಾನೇ ಅಂತ ಹಾಕಿದರು. ಆದರೆ 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಏನು ಹೇಳುತ್ತೆ ಗೊತ್ತಾ? ಕರಾರಿನಲ್ಲೇ ಬೇರೆ ಥರ ಬರೆದುಕೊಂಡಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಬಾವ ನಾಲ್ಕು ಕಂತು ತಪ್ಪಿಸಿದ. 90 ದಿನ ದಾಟಿದ ಸಾಲ ವಸೂಲಾಗದ ಸಾಲದ ಪಟ್ಟಿಗೆ ಹೋಯ್ತು. ಇವರ ವರದಿಯಲ್ಲೂ ಅದು ಬಂದು ಕೂತಿತು.

ಈಗ ಹೇಳಿ, ಈ ಮನುಷ್ಯ ಮೋಸಗಾರನಾ? ಖಂಡಿತ ಅಲ್ಲ. ಒಂದು ಮರೆವು, ಒಂದು ತಿಳಿವಳಿಕೆಯ ಕೊರತೆ, ಒಂದು ದಾಕ್ಷಿಣ್ಯ. ನಮ್ಮ ಮಧ್ಯಮ ವರ್ಗದ ಬದುಕು ಅಂದರೆ ಈ ಮೂರೇ ಅಲ್ವಾ? ಕಂಪ್ಯೂಟರಿಗೆ ಮಾತ್ರ ಇವುಗಳ ಮಧ್ಯೆ ವ್ಯತ್ಯಾಸ ಗೊತ್ತಾಗೋದಿಲ್ಲ.

ಸರಿಪಡಿಸೋಕೆ ಆಗುತ್ತಾ? ಆಗುತ್ತೆ. ಒಂದೊಂದಾಗಿ ನೋಡೋಣ.

ಫೋನಿನ ಸಾಲ. ಆ ಕಂಪನಿಗೆ ಬರೆದು, ಇವತ್ತಿಗೆ ಒಟ್ಟು ಬಾಕಿ ಎಷ್ಟು ಅಂತ ಲಿಖಿತವಾಗಿ ತರಿಸಿಕೊಳ್ಳಿ. ಪೂರ್ತಿ ಕಟ್ಟಿ. ಫೋನ್ ಮಾಡಿದವನ ವೈಯಕ್ತಿಕ ನಂಬರಿಗೆ ಕಟ್ಟಬೇಡಿ, ಕಂಪನಿಯ ಖಾತೆಗೇ ಕಟ್ಟಿ. ಬಾಕಿ ಇಲ್ಲ ಅನ್ನುವ ಪತ್ರ ತಗೊಳ್ಳಿ, ಆ ಪತ್ರವನ್ನು ಜಾಗದ ದಾಖಲೆ ಇಡೋ ಪೆಟ್ಟಿಗೆಯಲ್ಲೇ ಇಡಿ. ತಿಂಗಳು ಬಿಟ್ಟು ವರದಿ ನೋಡಿ, ಬದಲಾಗಿದೆಯಾ ಅಂತ. ಸಾಲ ಕೊಟ್ಟ ಬ್ಯಾಂಕು ವಿಲೀನವಾಗಿದ್ದರೆ ಹೆದರಬೇಡಿ. ಹಳೇ ಸಿಂಡಿಕೇಟಿನ ಸಾಲಕ್ಕೆ ಇವತ್ತು ಉತ್ತರ ಕೊಡಬೇಕಾದವರು ಕೆನರಾದವರು, ಹಳೇ ಕಾರ್ಪೊರೇಷನ್ ಬ್ಯಾಂಕಿನದ್ದಕ್ಕೆ ಯೂನಿಯನ್ ಬ್ಯಾಂಕಿನವರು.

ಕಾರ್ಡಿನದ್ದು. ಅವತ್ತು ಬಿಟ್ಟುಕೊಟ್ಟ ಮೊತ್ತವನ್ನು ಕಟ್ಟಿ, 'ಸೆಟ್ಲ್‌ಡ್' ಇದ್ದದ್ದನ್ನು 'ಕ್ಲೋಸ್ಡ್' ಮಾಡಿಕೊಡಿ ಅಂತ ಬ್ಯಾಂಕನ್ನು ಕೇಳಬೇಕು. ಕಟ್ಟುವ ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ. ಕಟ್ಟಿದ ಮೇಲೆ ಕೇಳಿದರೆ ಅವರಿಗೆ ಅವಸರ ಇರೋದಿಲ್ಲ.

ಬಾವನದ್ದು ಸೂಕ್ಷ್ಮ. ಬ್ಯಾಂಕಿನ ಪತ್ರ ಬರೆಯೋದಕ್ಕಿಂತ ಮನೆಯಲ್ಲಿ ಕೂತು ಮಾತಾಡೋದು ಕಷ್ಟ. ಆದರೂ ಕೂತು ಮಾತಾಡಿ. 'ಬಾವ, ನಿಮ್ಮ ರಿಕ್ಷಾದ ಕಂತಿನಿಂದ ನನ್ನ ಮನೆ ನಿಂತಿದೆ' ಅಂತ ನೇರ ಹೇಳಿ. ಬಾಕಿ ಕಂತು ಪೂರ್ತಿ ಕಟ್ಟಿ ಸಾಲವನ್ನು ಸರಿದಾರಿಗೆ ತರಬೇಕು. ಅಗತ್ಯ ಬಿದ್ದರೆ ನೀವೇ ಒಂದಿಷ್ಟು ಹಾಕಿ, ಆಮೇಲೆ ವಸೂಲು ಮಾಡಿಕೊಳ್ಳಿ. ಇನ್ನು ಮುಂದೆ ಜಾಮೀನು ಕೇಳಿದವರಿಗೆ ಹೇಳೋಕೆ ಒಂದು ಮಾತು ಕೊಡ್ತೀನಿ: 'ನನ್ನ ಗೃಹಸಾಲದ ಅರ್ಜಿ ಇದೆ, ಈಗ ಎಲ್ಲೂ ಸಹಿ ಹಾಕೋ ಹಾಗಿಲ್ಲ.' ಸುಳ್ಳೂ ಅಲ್ಲ, ಸಂಬಂಧವೂ ಕೆಡೋದಿಲ್ಲ.

ಇದಿಷ್ಟು ನಿಜವಾದ ಬಾಕಿಯ ಮಾತು. ವರದಿಯಲ್ಲಿ ತಪ್ಪೇ ಇದ್ದರೆ? ನಿಮ್ಮದಲ್ಲದ ಸಾಲ, ತೀರಿಸಿದ ಸಾಲ ಇನ್ನೂ ತೆರೆದಿರೋದು, ಅದೇ ಹೆಸರಿನ ಇನ್ನೊಬ್ಬರ ಲೆಕ್ಕ ನಿಮ್ಮ ತಲೆಗೆ ಬಂದಿರೋದು. ಕರಾವಳಿಯಲ್ಲಿ ಒಂದೇ ಹೆಸರಿನ ಶೆಟ್ಟರು, ಪೂಜಾರಿಗಳು, ಡಿಸೋಜರು ಎಷ್ಟು ಜನ ಇದ್ದಾರೆ! ಆಗ ಸಿಬಿಲ್ ಕಂಪನಿಗೂ ಬ್ಯಾಂಕಿಗೂ ಇಬ್ಬರಿಗೂ ದೂರು ಕೊಡಿ. 30 ದಿನದೊಳಗೆ ಬಗೆಹರಿಸಬೇಕು. ಇಲ್ಲದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ನಿಮಗೆ 100 ರೂಪಾಯಿ ಪರಿಹಾರ ಕೊಡಬೇಕು. ರಿಸರ್ವ್ ಬ್ಯಾಂಕಿನ ಈ ಆದೇಶ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಎಷ್ಟು ಜನರಿಗೆ ಗೊತ್ತು? ಆಗಲೂ ಆಗಲಿಲ್ಲ ಅಂದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ದೂರು ಉಚಿತ, ವಕೀಲರು ಬೇಡ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ನೀವು ತಗೊಳ್ಳದ ಆ್ಯಪ್ ಸಾಲ ನಿಮ್ಮ ಪ್ಯಾನ್ ಮೇಲೆ ಕಾಣಿಸಿದರೆ ಅದು ವಂಚನೆ. ಕೂಡಲೇ 1930ಕ್ಕೆ ದೂರು ಕೊಡಿ.

ಕಲೆ ತೊಳೆದ ಮೇಲೆ ಹೊಸ ಅಭ್ಯಾಸ ಬೇಕು. ಕಾರ್ಡಿನ ಮಿತಿ ಒಂದು ಲಕ್ಷ ಇದ್ದರೆ 30 ಸಾವಿರದ ಒಳಗೇ ಇರಿ. ಬಿಲ್ ಪೂರ್ತಿ ಕಟ್ಟಿ. 'ಮಿನಿಮಮ್ ಡ್ಯೂ' ಅನ್ನೋದು ಬಲೆ, ಉಳಿದದ್ದಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಗೂ ಮೇಲೆ ಬಡ್ಡಿ ಹಾಕುವ ಕಾರ್ಡುಗಳೇ ಹೆಚ್ಚು. ಚೆನ್ನಾಗಿ ನಡೀತಿರೋ ಹಳೇ ಕಾರ್ಡನ್ನು ಸಿಟ್ಟಿನಲ್ಲಿ ಮುಚ್ಚಬೇಡಿ, ಹಳೇ ವ್ಯವಹಾರಕ್ಕೆ ಬೆಲೆ ಇದೆ. ಒಂದು ಬ್ಯಾಂಕು ಇಲ್ಲ ಅಂದ ತಕ್ಷಣ ಇನ್ನೈದು ಬ್ಯಾಂಕಿಗೆ ಅರ್ಜಿ ಹಾಕಬೇಡಿ. ಒಂದೊಂದು ಅರ್ಜಿಯೂ ವರದಿಯಲ್ಲಿ ದಾಖಲಾಗುತ್ತೆ, ಆರನೇ ಬ್ಯಾಂಕಿನವನು 'ಇವನಿಗೇನೋ ಅವಸರ ಬಿದ್ದಿದೆ' ಅಂದುಕೊಳ್ತಾನೆ. ಗಂಡ ಹೆಂಡತಿ ಜಂಟಿಯಾಗಿ ಸಾಲ ಕೇಳೋದಾದರೆ ಇಬ್ಬರ ವರದಿಯನ್ನೂ ತರಿಸಿ. ಇಬ್ಬರದ್ದನ್ನೂ ಬ್ಯಾಂಕು ನೋಡುತ್ತೆ.

ಇನ್ನು ಕೆಲವರದ್ದು ಬೇರೆ ಕಥೆ. 'ನಾನು ಜೀವನದಲ್ಲಿ ಸಾಲವೇ ಮಾಡಿಲ್ಲ, ನನ್ನ ಸ್ಕೋರ್ ಮೈನಸ್ ಒಂದು ಅಂತ ಬರುತ್ತೆ.' ಅದು ಕೆಟ್ಟ ಅಂಕ ಅಲ್ಲ, ಲೆಕ್ಕವೇ ಇಲ್ಲ ಅಂತ ಅರ್ಥ. ಸಾಲದ ಇತಿಹಾಸ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಮೊದಲ ಸಲ ಕೇಳುವವರನ್ನು ತಿರಸ್ಕರಿಸಬೇಡಿ ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಆದರೂ ನಿಶ್ಚಿತ ಠೇವಣಿಯ ಮೇಲೆ ಒಂದು ಸಣ್ಣ ಕಾರ್ಡು ತಗೊಂಡು, ದಿನಸಿಗೆ ಬಳಸಿ, ತಿಂಗಳು ತಿಂಗಳು ಪೂರ್ತಿ ಕಟ್ಟಿದರೆ ಲೆಕ್ಕ ಶುರುವಾಗುತ್ತೆ. ಚೀಟಿ ಕಟ್ಟಿದ್ದು, ಕೈಸಾಲ ತೀರಿಸಿದ್ದು ಇದಕ್ಕೆ ಸೇರೋದಿಲ್ಲ. ಸೊಸೈಟಿಯಲ್ಲಿ ಇಪ್ಪತ್ತು ವರ್ಷ ಚೆನ್ನಾಗಿ ವ್ಯವಹಾರ ಮಾಡಿದ್ದೀನಿ ಅನ್ನುವವರು, ಅದು ವರದಿಯಲ್ಲಿ ಕಾಣಿಸ್ತಿದೆಯಾ ನೋಡಿ. ಎಲ್ಲ ಸೊಸೈಟಿಗಳ ಲೆಕ್ಕವೂ ಅಲ್ಲಿಗೆ ಹೋಗೋದಿಲ್ಲ.

ಎಷ್ಟು ದಿನ ಬೇಕು? ಸಣ್ಣ ತಪ್ಪಾದರೆ ಮೂರು ನಾಲ್ಕು ತಿಂಗಳು. ಉದ್ಯಾವರದವರಂಥ ಪ್ರಕರಣಕ್ಕೆ ಆರು ತಿಂಗಳಿಂದ ಒಂದು ವರ್ಷ, ಕೆಲವು ಸಲ ಅದಕ್ಕೂ ಹೆಚ್ಚು. ವರದಿಯಲ್ಲಿ ಕಳೆದ 36 ತಿಂಗಳ ಕಂತಿನ ಚರಿತ್ರೆ ಕಾಣುತ್ತೆ. ಸರಿಯಾಗಿ ಕಟ್ಟಿದ ತಿಂಗಳಿಗೆ ಮೂರು ಸೊನ್ನೆ. ತಡವಾಗಿದ್ದರೆ ಎಷ್ಟು ದಿನ ತಡ ಅಂತ ಸಂಖ್ಯೆ. ಹಳೇ ಸಂಖ್ಯೆ ಹಿಂದೆ ಸರೀಬೇಕು, ಹೊಸ ಸೊನ್ನೆಗಳು ಮುಂದೆ ತುಂಬಬೇಕು. ಬೇರೆ ದಾರಿ ಇಲ್ಲ.

ಈ 'ಬೇರೆ ದಾರಿ' ಮಾರುವವರ ಬಗ್ಗೆ ಎಚ್ಚರ. ಇವರಿಗೂ ಒಬ್ಬ ಸಿಕ್ಕಿದ್ದನಂತೆ. '15 ಸಾವಿರ ಕೊಡಿ, ಒಂದು ತಿಂಗಳಲ್ಲಿ 780 ಮಾಡಿಸ್ತೀನಿ, ಒಳಗೆ ಜನ ಇದ್ದಾರೆ' ಅಂದನಂತೆ. ಸ್ವಾಮಿ, ಒಳಗೆ ಯಾರೂ ಇಲ್ಲ. ನಿಜವಾದ ಬಾಕಿಯನ್ನು ಅಳಿಸೋ ಅಧಿಕಾರ ಯಾವ ಏಜೆಂಟನಿಗೂ ಇಲ್ಲ. ಅವನು ಮಾಡೋದು ಇಷ್ಟೇ: ನೀವು ಉಚಿತವಾಗಿ ಕೊಡಬಹುದಾದ ದೂರನ್ನು ನಿಮ್ಮ ಹೆಸರಲ್ಲಿ ಕೊಡೋದು. ಜತೆಗೆ ನಿಮ್ಮ ಪ್ಯಾನು, ಆಧಾರು, ಒಟಿಪಿ ಅವನ ಕೈಗೆ. ಆ 15 ಸಾವಿರದಲ್ಲಿ ಫೋನಿನ ಬಾಕಿ ಪೂರ್ತಿ ತೀರಿ ಇನ್ನೂ ಉಳೀತಿತ್ತು.

ಒಂದು ವರ್ಷ ಕಾಯಬೇಕಾ ಅಂತ ಕೇಳ್ತೀರಿ. ಕಾಯದೆ ಎಲ್ಲಿಂದಲೋ ಹೆಚ್ಚು ಬಡ್ಡಿಗೆ ತಂದರೆ ಏನಾಗುತ್ತೆ, ಲೆಕ್ಕ ಹಾಕೋಣ. 20 ಲಕ್ಷ, 20 ವರ್ಷ. ಎಂಟೂವರೆ ಬಡ್ಡಿಗೆ ಸಿಕ್ಕರೆ ತಿಂಗಳ ಕಂತು ಹೆಚ್ಚೂಕಡಿಮೆ 17,360 ರೂಪಾಯಿ. ಒಂಬತ್ತೂವರೆಗೆ ಸಿಕ್ಕರೆ 18,640. ತಿಂಗಳಿಗೆ 1,280 ವ್ಯತ್ಯಾಸ. ಏನು ಮಹಾ ಅನಿಸುತ್ತೆ. 240 ಕಂತಿಗೆ ಗುಣಿಸಿ, ಮೂರು ಲಕ್ಷ ದಾಟುತ್ತೆ. ಅಂಕ ಚೆನ್ನಾಗಿದ್ದವರಿಗೆ ಕಡಿಮೆ ಬಡ್ಡಿ, ಕಳಪೆ ಇದ್ದವರಿಗೆ ಹೆಚ್ಚು ಬಡ್ಡಿ ಅನ್ನೋದು ಇವತ್ತು ಬಹಳಷ್ಟು ಬ್ಯಾಂಕುಗಳ ರೀತಿ. ಒಂದು ವರ್ಷದ ತಾಳ್ಮೆಗೆ ಮೂರು ಲಕ್ಷ. ಯಾವ ಲಾಟರಿಯಲ್ಲಿ ಬರುತ್ತೆ ಹೇಳಿ?

ಈಗ ಬ್ಯಾಂಕಿನವರ ಸರದಿ. ಬಿಸಿ ಮುಟ್ಟಿಸ್ತೀನಿ ಅಂದಿದ್ದೆನಲ್ಲ.

ಮ್ಯಾನೇಜರ್ ಸಾಹೇಬರೇ, 'ಸಿಸ್ಟಮ್ ತಗೊಳ್ತಾ ಇಲ್ಲ' ಅನ್ನೋದು ಉತ್ತರ ಅಲ್ಲ. ಸಾಲ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿ ಬಹಳ ವರ್ಷವಾಯ್ತು. ಎಷ್ಟು ಶಾಖೆಗಳಲ್ಲಿ ಕೊಡ್ತಿದ್ದೀರಿ? ವೀಕ್ಷಕರೇ, ನೀವೂ ಕೇಳಿ. ಬಾಯಿಮಾತಿಗೆ ತಲೆಯಾಡಿಸಿ ಬರಬೇಡಿ.

ಇನ್ನೊಂದು ಪ್ರಶ್ನೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದೆ. ಬೋಟು ದಡದಲ್ಲಿ. ಐಸ್ ಪ್ಲಾಂಟು, ಮೀನು ಲಾರಿ, ಬಲೆ ಹೆಣೆಯುವವರು, ಎಲ್ಲರ ದುಡಿಮೆಗೂ ಪೆಟ್ಟು. ಯಕ್ಷಗಾನದ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟೋದು ಮಳೆಗಾಲ ಕಳೆದ ಮೇಲೆ. ತುಳುನಾಡಿನಲ್ಲಿ ಆಟಿ ತಿಂಗಳು ಅಂದರೆ ಮೊದಲಿನಿಂದಲೂ ಕೈ ಖಾಲಿಯ ತಿಂಗಳು. ಊರಿಗೆ ಊರೇ ಅದನ್ನು ತಿಳಿದು ಬದುಕಿತ್ತು. ಕಂಪ್ಯೂಟರಿಗೆ ಆಟಿ ಗೊತ್ತಿಲ್ಲ. ಜುಲೈ 5ರ ಕಂತು ಜುಲೈ 5ಕ್ಕೇ ಬೇಕು. ಈ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ಬ್ಯಾಂಕುಗಳ ವಾರಸುದಾರರು ನೀವು. ಇಲ್ಲಿನ ದುಡಿಮೆಯ ಕಾಲ ನೋಡಿ ಕಂತಿನ ಪಟ್ಟಿ ಮಾಡಿಕೊಡೋಕೆ ಆಗೋದಿಲ್ವಾ? ಬೆಳೆಸಾಲಕ್ಕೆ ಕೊಯ್ಲು ನೋಡ್ತೀರಿ, ಬೋಟಿನ ಮೆಕ್ಯಾನಿಕನ ಗೃಹಸಾಲಕ್ಕೆ ಸಮುದ್ರ ಯಾಕೆ ನೋಡಬಾರದು?

ಅವರು ನೋಡುವ ತನಕ ನೀವು ನೋಡಿಕೊಳ್ಳಿ. ದುಡಿಮೆ ಇರುವ ತಿಂಗಳುಗಳಲ್ಲಿ ಮೂರು ಕಂತಿನ ದುಡ್ಡನ್ನು ಬೇರೆ ಖಾತೆಯಲ್ಲಿ ಎತ್ತಿಡಿ, ಮಳೆಗಾಲಕ್ಕೆ. ಸಂಬಳ 7ಕ್ಕೆ ಬಂದು ಕಂತು 5ಕ್ಕೆ ಹೋಗೋದಾದರೆ ಕಂತಿನ ದಿನ ಬದಲಾಯಿಸಿಕೊಡಿ ಅಂತ ಅರ್ಜಿ ಕೊಡಿ. ಎರಡು ದಿನದ ಈ ಅಂತರಕ್ಕೇ ತಿಂಗಳು ತಿಂಗಳು ಬೌನ್ಸ್ ಆಗಿ ಅಂಕ ಕಳೆದುಕೊಂಡವರಿದ್ದಾರೆ.

ನಾನು ಹೇಳಿದ್ದರಲ್ಲಿ ಹೊಸದೇನೂ ಇಲ್ಲ. ಇದೇ ಉಡುಪಿಯಲ್ಲಿ 1928ರಲ್ಲಿ ಕಲಿಸಿದ ಪಾಠ. ಎರಡು ಆಣೆ, ಆದರೆ ದಿನಾ ಎರಡು ಆಣೆ. ಅವತ್ತು ದಿನ ತಪ್ಪದೆ ಹಾಕಿದ ಎರಡು ಆಣೆಯನ್ನು ಏಜೆಂಟ್ ನೋಡ್ತಿದ್ದ, ಇವತ್ತು ದಿನ ತಪ್ಪದೆ ಕಟ್ಟಿದ ಕಂತನ್ನು ಕಂಪ್ಯೂಟರ್ ನೋಡುತ್ತೆ. ಅದಕ್ಕೆ ನಿಮ್ಮ ಕಷ್ಟ ಹೇಳಿ ಪ್ರಯೋಜನವಿಲ್ಲ. ಮೂರು ಸೊನ್ನೆಗಳ ಸಾಲು ಒಂದೇ ಅದಕ್ಕೆ ಅರ್ಥವಾಗುವ ಭಾಷೆ.

ಆದ್ದರಿಂದ, ಬರುವ ವರ್ಷ ಮನೆ ಕಟ್ಟಬೇಕು ಅಂದುಕೊಂಡವರು ಇದೇ ವಾರ ವರದಿ ತರಿಸಿ. ಗಂಡ ಹೆಂಡತಿ ಇಬ್ಬರೂ ಕೂತು ಓದಿ. ಜೋಯಿಸರ ಹತ್ತಿರ ದಿನ ಕೇಳೋದು ಆಮೇಲೆ. ಕಲ್ಲು ಇಳಿಸೋದು ಅದಕ್ಕೂ ಆಮೇಲೆ.